ಶೇಂಗಾ ಹೊಲ ಮತ್ತು ಭಾರಲೋಹಗಳ ವಿಷ

ಲಿಂಗಾರ್ಪಿತವಾಗಿ ಪ್ರಸಾದವೆನಿಸುವ ಪದಾರ್ಥವು ಹೊಲದಲ್ಲಿರುವಾಗಲೇ ಶುದ್ಧವಾಗಿರಬೇಕಷ್ಟೆ. ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಆಸುಪಾಸಿನ ಒಣಭೂಮಿಯಲ್ಲಿ ಶೇಂಗಾ ಬಿತ್ತುವ ಶರಣಬಂಧುಗಳು ಎಲೆ ಹಳದಿಯಾದೊಡನೆ ಕಳವಳಗೊಳ್ಳುವುದು ಸಹಜ. ಆದರೆ ಹಳದಿಯೆಲ್ಲವೂ ವಿಷವಲ್ಲ, ಹಸಿರೆಲ್ಲವೂ ಕ್ಷೇಮವಲ್ಲ.

ಸುಣ್ಣದಂಶ ಹೆಚ್ಚಿರುವ ನೆಲದಲ್ಲಿ, ನರಗಳು ಹಸಿರಾಗಿಯೇ ಉಳಿದು ಎಳೆಯ ಎಲೆ ಬಿಳಿಚಿಕೊಂಡರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಲೀಟರು ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಜೊತೆಗೆ ತುಸು ಸಿಟ್ರಿಕ್ ಆಮ್ಲ ಬೆರೆಸಿ ಸಿಂಪಡಿಸಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಕ್ಯಾಡ್ಮಿಯಂ, ಸೀಸ ಮುಂತಾದ ಭಾರಲೋಹಗಳ ಬಗೆ ಬೇರೆ. ಇವು ಮೊದಲು ಬೇರನ್ನು ಮೊಟಕುಗೊಳಿಸುತ್ತವೆ. ಪತ್ರಹರಿತ್ತಿನ ನಡುವೆ ಮೆಗ್ನೀಸಿಯಂನ ಒಂದು ಪರಮಾಣು ಕುಳಿತಿರುತ್ತದೆ. ಅತಿಯಾದ ತಾಮ್ರ ಅಥವಾ ಕ್ಯಾಡ್ಮಿಯಂ ಅದನ್ನು ಹೊರದೂಡಿ ತಾನೇ ಆ ಸ್ಥಾನದಲ್ಲಿ ಕೂತರೆ ಎಲೆ ಬೆಳಕನ್ನು ಹಿಡಿದು ಬಳಸಲಾರದು. ಪತ್ರರಂಧ್ರಗಳು ಮುಚ್ಚಿಕೊಂಡು ಇಂಗಾಲಾಮ್ಲ ಒಳಬರುವುದು ಕಡಿಮೆಯಾಗುತ್ತದೆ. ಅದನ್ನು ಸಕ್ಕರೆಯಾಗಿಸುವ ಕಿಣ್ವಗಳೂ ಮಂದವಾಗುತ್ತವೆ. ತಾಮ್ರವಾದರೋ ಅಲ್ಪ ಪ್ರಮಾಣದಲ್ಲಿ ಗಿಡಕ್ಕೆ ಬೇಕೇ ಬೇಕು. ನಮ್ಮ ಜಿಲ್ಲೆಯ ಇಂಗಳದಾಳದಲ್ಲಿ ಅದರ ಅದಿರನ್ನೇ ಅಗೆದು ತೆಗೆದದ್ದುಂಟು. ಕ್ಯಾಡ್ಮಿಯಂ ಮಾತ್ರ ಶೇಂಗಾಕ್ಕೆ ಯಾವ ಉಪಕಾರವನ್ನೂ ಮಾಡದು.

ಇದಕ್ಕಿಂತಲೂ ಚಿಂತೆಗೀಡುಮಾಡುವ ಸಂಗತಿ ಇನ್ನೊಂದಿದೆ. ಎಲೆಯಲ್ಲಿ ಯಾವ ಲಕ್ಷಣವೂ ಕಾಣದಿರುವಾಗಲೇ ಶೇಂಗಾ ಗಿಡವು ಕ್ಯಾಡ್ಮಿಯಂ ಅನ್ನು ಬೀಜಕ್ಕೆ ಸಾಗಿಸಬಲ್ಲದು. ಗಾಣಕ್ಕೆ ಹಾಕಿದಾಗ ಲೋಹದ ಬಹುಪಾಲು ಎಣ್ಣೆಗೆ ಬಾರದೆ ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿ ಹಸುವಿಗೆ, ಬೀಜ ಚಟ್ನಿಪುಡಿಗೆ, ಮಕ್ಕಳ ಉಂಡೆಗೆ. ದೇಹ ಸೇರಿದ ಕ್ಯಾಡ್ಮಿಯಂ ಮೂತ್ರಪಿಂಡದಲ್ಲಿ ದಶಕಗಳ ಕಾಲ ತಂಗುತ್ತದೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ನೀರು ಹರಿದ ಗದ್ದೆಯ ಅಕ್ಕಿಯನ್ನುಂಡವರ ಮೂಳೆಗಳು ತಾವಾಗಿ ಮುರಿಯತೊಡಗಿದವು. ಅದಕ್ಕೆ ಕ್ಯಾಡ್ಮಿಯಮ್ಮೇ ಕಾರಣವೆಂದು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ.

ಒಣಭೂಮಿಗೆ ಇಂತಹ ವಿಷ ಎಲ್ಲಿಂದ ಬಂದೀತು? ವಿಂಗಡಿಸದ ಪಟ್ಟಣದ ಕಸದ ಗೊಬ್ಬರ, ಚರಂಡಿಯ ಹೂಳು, ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣು ಇವುಗಳಿಂದ ಬರಬಹುದು. ಕೆಲವು ರಂಜಕದ ಗೊಬ್ಬರಗಳಲ್ಲಿಯೂ ಕ್ಯಾಡ್ಮಿಯಂ ಅಲ್ಪವಾಗಿ ಇರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಲೋಡು ಹೊಡೆಸಿಬಿಟ್ಟರೆ ಅದನ್ನು ಮರಳಿ ಆರಿಸುವ ಉಪಾಯವಿಲ್ಲ. ಲೋಹವು ಕೊಳೆಯುವ ವಸ್ತುವಲ್ಲ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡು 12 ಗುಣಗಳನ್ನು ಅಳೆಯುತ್ತದೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಅದರಲ್ಲಿವೆ. ಕ್ಯಾಡ್ಮಿಯಂ, ಸೀಸ ಇಲ್ಲ. ಆದ್ದರಿಂದ ಹೊರಗಿನ ಗೊಬ್ಬರ ತರಿಸುವ ಮನೆಯವರು, ಅದು ಹೊಲಕ್ಕೆ ಬೀಳುವ ಮೊದಲೇ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದವರನ್ನು ಕಂಡು, ಈ ಎರಡು ಲೋಹಗಳ ಪರೀಕ್ಷೆಯನ್ನು ಎಲ್ಲಿ ಮಾಡಿಸಬಹುದೆಂದು ಪ್ರತ್ಯೇಕವಾಗಿ ವಿಚಾರಿಸತಕ್ಕದ್ದು.