ಮನೆಯಿಂದಲೇ ಸಂವಹನ ಪದವಿ: ಶುಲ್ಕ ಕಟ್ಟುವ ಮುನ್ನ ಮಾನ್ಯತೆ ನೋಡಿ

ಮೈಸೂರು: ಉದ್ಯೋಗ ಬಿಡದೆ, ಊರು ಬಿಡದೆ ಸ್ನಾತಕೋತ್ತರ ಪದವಿ ಪಡೆಯುವ ಅವಕಾಶ ಇಂದು ಕಂಪ್ಯೂಟರ್ ಪರದೆಯ ಮೇಲೆಯೇ ದೊರೆಯುತ್ತಿದೆ. ಪತ್ರಿಕೋದ್ಯಮ, ಜಾಹೀರಾತು ಮತ್ತು ಸಾರ್ವಜನಿಕ ಸಂಪರ್ಕ ಕ್ಷೇತ್ರಗಳಲ್ಲಿ ಇರುವವರನ್ನು ಹೆಚ್ಚಾಗಿ ಸೆಳೆಯುತ್ತಿರುವ ಹೊಸ ವಿಷಯವೆಂದರೆ ಕಾರ್ಯತಂತ್ರ ಸಂವಹನ, ಅಂದರೆ ಸ್ಟ್ರಾಟೆಜಿಕ್ ಕಮ್ಯುನಿಕೇಷನ್. ಆದರೆ ಮನೆಯಲ್ಲಿ ಕುಳಿತು ಓದಿದ ಪದವಿಯ ಬೆಲೆ ಓದಿನಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಆ ಕೋರ್ಸಿಗೆ, ಆ ವರ್ಷಕ್ಕೆ, ಆ ವಿಧಾನಕ್ಕೆ ಮಾನ್ಯತೆ ಇತ್ತೇ ಎಂಬ ಪ್ರಶ್ನೆಯೂ ಅದರೊಂದಿಗೆ ಇರುತ್ತದೆ. ಈ ಪಾಠವನ್ನು ಮೈಸೂರಿನಷ್ಟು ಹತ್ತಿರದಿಂದ ಕಂಡ ನಗರಗಳು ವಿರಳ.

ಏನಿದು ಕಾರ್ಯತಂತ್ರ ಸಂವಹನ?

ಒಂದು ಸಂಸ್ಥೆ ತನ್ನ ಗುರಿ ಸಾಧಿಸಲು ಯಾರಿಗೆ, ಯಾವಾಗ, ಯಾವ ಮಾಧ್ಯಮದಲ್ಲಿ, ಏನು ಹೇಳಬೇಕೆಂದು ಮೊದಲೇ ಯೋಜಿಸಿ ನಡೆಸುವ ಸಂವಹನವೇ ಇದರ ತಿರುಳು. ಜಾಹೀರಾತು, ಸಾರ್ವಜನಿಕ ಸಂಪರ್ಕ, ಆರೋಗ್ಯ ಪ್ರಚಾರ, ಬಿಕ್ಕಟ್ಟಿನ ನಿರ್ವಹಣೆ ಎಂದು ಹಿಂದೆ ಬೇರೆ ಬೇರೆಯಾಗಿ ಕಲಿಸುತ್ತಿದ್ದುದನ್ನು ಒಂದೇ ಸೂರಿನಡಿ ತರುವ ಪ್ರಯತ್ನವಿದು. ಈ ಕ್ಷೇತ್ರಕ್ಕೆ ಮೀಸಲಾದ ಅಂತಾರಾಷ್ಟ್ರೀಯ ಸಂಶೋಧನಾ ನಿಯತಕಾಲಿಕವೊಂದು 2007ರಲ್ಲಿ ಆರಂಭವಾಯಿತು.

ಉದಾಹರಣೆಗೆ ದೂರ ಹೋಗಬೇಕಿಲ್ಲ. 2015ರಲ್ಲಿ 476 ನಗರಗಳ ಸ್ವಚ್ಛತಾ ಪಟ್ಟಿಯಲ್ಲಿ ಮೈಸೂರು ಮೊದಲ ಸ್ಥಾನ ಪಡೆಯಿತು. 2016ರಲ್ಲಿ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲಿಯೂ ಅದೇ ಸ್ಥಾನ ಉಳಿಸಿಕೊಂಡಿತು. ಪೌರಕಾರ್ಮಿಕರ ದುಡಿಮೆಯೇ ಇದರ ಬುನಾದಿ. ಆದರೆ ಹಸಿ ಕಸ, ಒಣ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕಾದವರು ನಾಗರಿಕರು. ಪ್ರತಿ ಮನೆಯ ಅಭ್ಯಾಸ ಬದಲಾಗಬೇಕಾದರೆ ಒಂದು ಫಲಕ ಹಾಕಿದರೆ ಸಾಲದು. ಗೃಹಿಣಿಗೆ ಒಂದು ಮಾತು, ಹೋಟೆಲ್ ಮಾಲೀಕನಿಗೆ ಇನ್ನೊಂದು ಮಾತು, ಶಾಲಾ ಮಕ್ಕಳಿಗೆ ಮತ್ತೊಂದು ಮಾತು ಬೇಕಾಗುತ್ತದೆ. ಇದನ್ನು ಯೋಜಿಸಿ, ಫಲಿತಾಂಶವನ್ನು ಅಳೆಯುವ ವಿದ್ಯೆಯನ್ನೇ ಈ ಪದವಿ ಕಲಿಸಬೇಕಾದದ್ದು.

ಮೈಸೂರಿಗೆ ಹೊಸದಲ್ಲ

ಸಂವಹನ ಶಿಕ್ಷಣವಾಗಲಿ, ಮನೆಯಲ್ಲಿಯೇ ಕಲಿಯುವುದಾಗಲಿ ಈ ನಗರಕ್ಕೆ ಹೊಸತಲ್ಲ. ಮಹಾರಾಜ ಕಾಲೇಜಿನಲ್ಲಿ 1951ರಲ್ಲೇ ಪತ್ರಿಕೋದ್ಯಮ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿ ಬೆಳೆಸಿದವರು ನಾಡಿಗ ಕೃಷ್ಣಮೂರ್ತಿ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣವನ್ನು ಪ್ರಾರಂಭಿಸಿತು. ಪಾಠಗಳು ಅಂಚೆಯಲ್ಲಿ ಮನೆಗೆ ಬರುತ್ತಿದ್ದವು. ಹಳ್ಳಿಯ ಶಿಕ್ಷಕರು, ಗುಮಾಸ್ತರು, ಮದುವೆಯಾಗಿ ಓದು ನಿಲ್ಲಿಸಿದ ಮಹಿಳೆಯರಿಗೆ ಇದು ಎರಡನೆಯ ಬಾಗಿಲಾಯಿತು. ಅದೇ ಸಂಸ್ಥೆ 1996ರ ಜೂನ್ 1ರಂದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ರೂಪ ತಳೆಯಿತು. ಮುಕ್ತಗಂಗೋತ್ರಿಯ ಈ ವಿಶ್ವವಿದ್ಯಾನಿಲಯ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದಲ್ಲಿ ಎಂ.ಎ. ಪದವಿಯನ್ನು ದೂರಶಿಕ್ಷಣದ ಮೂಲಕ ನೀಡುತ್ತ ಬಂದಿದೆ.

2015ರ ಪಾಠ

ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2015ರ ಜೂನ್‌ನಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ, 2012-13ರ ನಂತರ ಮುಕ್ತ ವಿ.ವಿ.ಯ ಕೋರ್ಸ್‌ಗಳಿಗೆ ಮಾನ್ಯತೆ ಇಲ್ಲವೆಂದು ತಿಳಿಸಿತು. ರಾಜ್ಯದ ಗಡಿ ಮೀರಿ ಖಾಸಗಿ ಸಹಯೋಗ ಸಂಸ್ಥೆಗಳ ಮೂಲಕ ಕೋರ್ಸ್ ನಡೆಸಿದ್ದೇ ಮುಖ್ಯ ಆಕ್ಷೇಪವಾಗಿತ್ತು. ಮಾನ್ಯತೆ ಮರಳಿದ್ದು 2018ರ ಆಗಸ್ಟ್‌ನಲ್ಲಿ, ಅದೂ 2018-19ರಿಂದ 2022-23ರ ಅವಧಿಗೆ ಮತ್ತು ಆಯ್ದ ಕೋರ್ಸ್‌ಗಳಿಗೆ.

ನಡುವಿನ ವರ್ಷಗಳಲ್ಲಿ ಪೆಟ್ಟು ಬಿದ್ದದ್ದು ವಿದ್ಯಾರ್ಥಿಗಳಿಗೆ. ಶುಲ್ಕ ಕಟ್ಟಿ, ಪರೀಕ್ಷೆ ಬರೆದು ಉತ್ತೀರ್ಣರಾಗಿದ್ದರೂ ಉದ್ಯೋಗ, ಬಡ್ತಿ, ಉನ್ನತ ವ್ಯಾಸಂಗಗಳ ಬಾಗಿಲಲ್ಲಿ ಅವರ ಪದವಿ ಪ್ರಶ್ನೆಗೆ ಒಳಗಾಯಿತು. ಓದಿನಲ್ಲಿ ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಪ್ರವೇಶ ಪಡೆದ ವರ್ಷ ಮಾತ್ರ ಮಾನ್ಯತೆಯ ಅವಧಿಯ ಹೊರಗಿತ್ತು. ಸಂಸ್ಥೆ ಸರ್ಕಾರದ್ದು, ಹೆಸರು ಹಳೆಯದು ಎಂಬ ನಂಬಿಕೆಯೊಂದೇ ಸಾಲದೆಂಬುದನ್ನು ಈ ಪ್ರಕರಣ ತೋರಿಸಿಕೊಟ್ಟಿತು.

ದೂರಶಿಕ್ಷಣ ಬೇರೆ, ಆನ್‌ಲೈನ್ ಬೇರೆ

ಇವೆರಡೂ ಒಂದೇ ಎಂದು ಭಾವಿಸುವವರು ಹಲವರು. ಆದರೆ 2020ರ ಸೆಪ್ಟೆಂಬರ್ 4ರಂದು ಪ್ರಕಟವಾದ ಯುಜಿಸಿ ನಿಯಮಾವಳಿ ಇವನ್ನು ಪ್ರತ್ಯೇಕವಾಗಿ ನೋಡುತ್ತದೆ. ದೂರಶಿಕ್ಷಣದಲ್ಲಿ ಮುದ್ರಿತ ಪಾಠ ಮತ್ತು ಅಧ್ಯಯನ ಕೇಂದ್ರಗಳು ಮುಖ್ಯ. ರಾಜ್ಯದ ವಿ.ವಿ. ತನ್ನ ವ್ಯಾಪ್ತಿಯೊಳಗೇ ಅದನ್ನು ನಡೆಸಬೇಕು. ಆನ್‌ಲೈನ್ ಪದವಿಗೆ ಈ ಗಡಿಯ ಕಟ್ಟಳೆ ಇಲ್ಲ. ಅದರಲ್ಲಿ ವಿಡಿಯೋ ಪಾಠ, ವಿದ್ಯುನ್ಮಾನ ಪಠ್ಯ, ಚರ್ಚೆ ಮತ್ತು ಸ್ವಯಂ ಮೌಲ್ಯಮಾಪನ ಎಂಬ ನಾಲ್ಕು ಅಂಗಗಳು ಇರಬೇಕು. ಒಂದು ವಿ.ವಿ.ಗೆ ದೂರಶಿಕ್ಷಣದ ಅನುಮತಿ ಇದೆ ಎಂದಾಕ್ಷಣ ಅದೇ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸಲು ಅನುಮತಿ ಇದೆಯೆಂದು ಅರ್ಥವಲ್ಲ.

ಮಾನ್ಯತೆ ಇದ್ದಲ್ಲಿ ಚಿಂತೆ ಬೇಕಿಲ್ಲ. ಇಂತಹ ಪದವಿಗಳು ತರಗತಿಯಲ್ಲಿ ಕಲಿತ ಪದವಿಗೆ ಸಮಾನವೆಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು.

ವಾರಕ್ಕೆ ಎಷ್ಟು ಗಂಟೆ?

ಬಿಡುವಿನಲ್ಲಿ ಓದಿದರಾಯಿತು ಎಂಬುದು ಮತ್ತೊಂದು ತಪ್ಪು ಕಲ್ಪನೆ. ದೂರಶಿಕ್ಷಣದ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಅಧ್ಯಯನ. ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ 120 ಗಂಟೆ ಬೇಕು. ಸೆಮಿಸ್ಟರ್‌ನಲ್ಲಿ ಅಂತಹ ಐದು ವಿಷಯಗಳಿದ್ದರೆ 600 ಗಂಟೆ. 24 ವಾರಗಳಿಗೆ ಹಂಚಿದರೆ ವಾರಕ್ಕೆ 25 ಗಂಟೆ. ದಿನವಿಡೀ ದುಡಿದು ಬಂದವರು ರಾತ್ರಿ ಎರಡು ಗಂಟೆ ಓದಿ, ಭಾನುವಾರಗಳನ್ನೂ ಮುಡುಪಿಟ್ಟರೂ ಈ ಲೆಕ್ಕವನ್ನು ಮುಟ್ಟುವುದು ಕಷ್ಟ. ಅಂತಿಮ ಪರೀಕ್ಷೆಗೆ ಕನಿಷ್ಠ ಶೇ 70ರಷ್ಟು ಅಂಕಗಳಿರುವುದರಿಂದ ನಿಯೋಜಿತ ಬರಹಗಳನ್ನು ಸಲ್ಲಿಸಿದ ಮಾತ್ರಕ್ಕೆ ದಡ ಸೇರಲಾಗದು.

ಪರಿಶೀಲನೆ ಹೇಗೆ?

* ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ವಿ.ವಿ.ಯ ಹೆಸರಿನ ಜೊತೆಗೆ ಕೋರ್ಸಿನ ಹೆಸರು, ಶೈಕ್ಷಣಿಕ ವರ್ಷ ಮತ್ತು ವಿಧಾನ, ಈ ಮೂರನ್ನೂ ಹೊಂದಿಸಿ ನೋಡಬೇಕು.

* ಭಾರತೀಯ ವಿದ್ಯಾರ್ಥಿಗಳಿಗೆ 2024-25ರಿಂದ 'ಡೆಬ್ ಐಡಿ' ಕಡ್ಡಾಯವಾಗಿದೆ. ಅದನ್ನು ವಿದ್ಯಾರ್ಥಿಯೇ ಪಡೆಯಬೇಕು. ಅದು ಬೇಡವೆನ್ನುವ ಮಧ್ಯವರ್ತಿಯ ಮಾತನ್ನು ನಂಬಬಾರದು.

* ಪದವಿ ಕೋರ್ಸನ್ನು ಫ್ರಾಂಚೈಸಿ ನೀಡಿ ನಡೆಸುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಜಾಹೀರಾತಿನಲ್ಲಿ ಕಂಪನಿಯ ಹೆಸರು ದೊಡ್ಡದಾಗಿದ್ದರೂ ಪ್ರವೇಶ, ಪಾಠ, ಪರೀಕ್ಷೆಗಳ ಹೊಣೆ ವಿ.ವಿ.ಯದೇ ಆಗಿರಬೇಕು. ಶುಲ್ಕದ ರಸೀದಿ ಯಾರ ಹೆಸರಿನಲ್ಲಿದೆ ಎಂಬುದನ್ನು ಗಮನಿಸಬೇಕು.

* ವಿದೇಶಿ ಪದವಿಗಳ ತತ್ಸಮಾನತೆ ಕುರಿತು ಯುಜಿಸಿ 2025ರ ಏಪ್ರಿಲ್‌ನಲ್ಲಿ ನಿಯಮಾವಳಿ ಪ್ರಕಟಿಸಿದೆ. ವಿದೇಶಿ ವಿ.ವಿ.ಗೆ ಡಾಲರ್ ಲೆಕ್ಕದಲ್ಲಿ ಹಣ ಕಟ್ಟುವವರು ಆ ಆನ್‌ಲೈನ್ ಪದವಿ ಇಲ್ಲಿನ ಸರ್ಕಾರಿ ಹುದ್ದೆಗೆ ಅಥವಾ ಸಂಶೋಧನೆಗೆ ಒಪ್ಪಿತವೇ ಎಂಬುದನ್ನು ಮೊದಲೇ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು.

* ಪ್ರವೇಶ ಪಡೆದ ದಿನದ ಮಾನ್ಯತಾ ಪತ್ರ ಮತ್ತು ರಸೀದಿಗಳ ಪ್ರತಿಯನ್ನು ಜೋಪಾನವಾಗಿಡಬೇಕು. ವರ್ಷಗಳ ನಂತರ ಪ್ರಶ್ನೆ ಎದ್ದಾಗ ಅವೇ ಆಧಾರ.

ಅಂಚೆಯ ಲಕೋಟೆಯಿಂದ ಮೊಬೈಲ್ ಪರದೆಯವರೆಗೆ ಪಾಠ ಬರುವ ದಾರಿ ಬದಲಾಗಿದೆ. ಕಾಲೇಜಿಗೆ ಹೋಗಲಾಗದವರ ಪಾಲಿಗೆ ಆ ದಾರಿಯ ಅಗತ್ಯ ಮಾತ್ರ ಅಂದಿನಂತೆಯೇ ಇದೆ. ಆ ದಾರಿಯಲ್ಲಿ ಎರಡು ವರ್ಷ ನಡೆಯುವ ಮುನ್ನ ಅರ್ಧ ಗಂಟೆ ಪರಿಶೀಲನೆಗೆ ಮೀಸಲಿಟ್ಟರೆ ದುಡಿಮೆಯ ಹಣವೂ, ಓದಿನ ಶ್ರಮವೂ ವ್ಯರ್ಥವಾಗುವುದಿಲ್ಲ.