ಎರಿಹೊಲದ ಹಿಂಡು, ಧರ್ಮಾಧ್ಯಕ್ಷರ ಕೋಲು

ಕಡಲೆ ಕಿತ್ತು, ಬಿಳಿಜೋಳದ ಕಣಿಕೆ ಬಣವಿಗೆ ಸೇರಿತೆಂದರೆ ಗದಗಿನ ಬಳಿಯ ಮಲ್ಲಸಮುದ್ರದ ಎರಿಹೊಲಗಳು ಬಟಾಬಯಲು. ಆಗ ಕುರಿ ಹಿಂಡುಗಳು ಬರುತ್ತವೆ. ಗೊಬ್ಬರದ ಆಸೆಗೆ ಹೊಲದವರೇ ಕರೆದು ರಾತ್ರಿ ಕುರಿ ನಿಲ್ಲಿಸಿಕೊಳ್ಳುವುದುಂಟು. ಬದುವಿನ ಮೇಲೆ ಕುರಿಗಾರ: ಹೆಗಲಿಗೆ ಕರಿ ಕಂಬಳಿ, ಕೈಯಲ್ಲಿ ತನಗಿಂತ ಎತ್ತರದ ಕೋಲು. ಅದರ ತುದಿಗೆ ಕಟ್ಟಿದ ಕುಡುಗೋಲಿನಿಂದ ಜಾಲಿಯ ಟೊಂಗೆ ಜಗ್ಗಿ ಸೊಪ್ಪು ಉದುರಿಸುತ್ತಾನೆ. ನಿನ್ನೆ ಮೊನ್ನೆ ಹುಟ್ಟಿದ ಮರಿ ನಡೆಯಲಾರದೆ ಹಿಂದೆ ಬಿದ್ದರೆ ಕಂಬಳಿಯ ಮಡಿಕೆಯೊಳಗೆ ಅದಕ್ಕೂ ಜಾಗ.

ಕಥೋಲಿಕ ಧರ್ಮಾಧ್ಯಕ್ಷರ ಕೈಯಲ್ಲೂ ಕೋಲಿರುತ್ತದೆ, ತುದಿ ಬಾಗಿದ್ದು. ಎಷ್ಟೇ ಕೆತ್ತನೆಯಿರಲಿ, ಅದು ಕುರಿಗಾಹಿಯ ಕೋಲೇ. ಮಹಾಧರ್ಮಾಧ್ಯಕ್ಷರಾದರೆ ಹೆಗಲ ಸುತ್ತ ಬಿಳಿ ಉಣ್ಣೆಯ ಪಟ್ಟಿ ಬೇರೆ, ಅದರ ಮೇಲೆ ಆರು ಕರಿ ಶಿಲುಬೆ. ಕುರಿ ಹೊತ್ತ ಹೆಗಲಿನ ಗುರುತು ಅದು. ಗದಗಿನ ಕಡೆ ಕ್ರೈಸ್ತರೆಂದರೆ ಮೊದಲು ನೆನಪಾಗುವುದು ಬೆಟಗೇರಿಯ ಬಾಸೆಲ್ ಮಿಶನ್; ಅವರು ಪ್ರೊಟೆಸ್ಟೆಂಟರು, ಸಂತರ ಹಬ್ಬಗಳಿಗೆ ಅವರಲ್ಲಿ ಅಷ್ಟು ಮಹತ್ವವಿಲ್ಲ. ಹಾಗಾಗಿ ಧರ್ಮಾಧ್ಯಕ್ಷರಾಗಿದ್ದ ಸಂತರ ಕಥೆಗಳು ಇಲ್ಲಿ ಕಿವಿಗೆ ಬಿದ್ದದ್ದೇ ಕಡಿಮೆ.

ತೂರ್ ಪಟ್ಟಣದ ಮಾರ್ಟಿನ್ ಮೊದಲು ರೋಮನ್ ಸಿಪಾಯಿ. ಚಳಿಯಲ್ಲಿ ನಡುಗುವ ಭಿಕ್ಷುಕನಿಗೆ ತನ್ನ ಹೊದಿಕೆಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟವನು. ಧರ್ಮಾಧ್ಯಕ್ಷನಾಗು ಎಂದು ಜನ ಹುಡುಕಿ ಬಂದಾಗ ಹೆಬ್ಬಾತುಗಳ ನಡುವೆ ಅಡಗಿದನಂತೆ. ಅವು ಕೂಗಿ ಗುಟ್ಟು ರಟ್ಟು ಮಾಡಿದವಂತೆ. ಹೊದಿಕೆಗಿಂತ ಈ ಹೆಬ್ಬಾತುಗಳೇ ನನಗೆ ಹೆಚ್ಚು ಇಷ್ಟ.

ಸೆಬಾಸ್ತೆಯ ಬ್ಲೇಸ್‌ನ ಹಬ್ಬ ಫೆಬ್ರುವರಿ 3ಕ್ಕೆ. ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಿದ ಹುಡುಗನನ್ನು ಉಳಿಸಿದನೆಂದು, ಅಂದು ಗುರುಗಳು ಎರಡು ಮೇಣದ ಬತ್ತಿಗಳನ್ನು ಕತ್ತರಿಯಾಕಾರದಲ್ಲಿ ಹಿಡಿದು ಭಕ್ತರ ಕೊರಳಿಗೆ ತಾಗಿಸಿ ಹರಸುತ್ತಾರೆ. ಬತ್ತಿ ಹಚ್ಚಿರುವುದಿಲ್ಲ, ಸಾಮಾನ್ಯವಾಗಿ. ಮೇಣ ಗಲ್ಲಕ್ಕೆ ತಣ್ಣಗೆ ಹತ್ತುತ್ತದೆ. ಅವನನ್ನು ಉಣ್ಣೆ ಹಿಂಜುವ ಕಬ್ಬಿಣದ ಹಣಿಗೆಯಿಂದ ಸೀಳಿ, ಕೊನೆಗೆ ತಲೆ ಕಡಿದರೆಂದು ಕಥೆ. ನೂರಾರು ವರ್ಷ ತಡವಾಗಿ ಬರೆದದ್ದು, ಎಷ್ಟು ನಂಬಬೇಕೋ. ಆದರೂ ಯುರೋಪಿನ ಉಣ್ಣೆ ಹಿಂಜುವವರು ಅವನನ್ನೇ ತಮ್ಮ ಪಾಲಕ ಸಂತನನ್ನಾಗಿ ಮಾಡಿಕೊಂಡರು, ಅದೇ ಹಣಿಗೆಯ ನೆಪದಿಂದ.

ಐರ್ಲೆಂಡಿನ ಸಂತ ಪ್ಯಾಟ್ರಿಕ್‌ನ ವಿಷಯದಲ್ಲಿ ಆ ಅನುಮಾನವಿಲ್ಲ. ತನ್ನ ಬದುಕನ್ನು ತಾನೇ ಲ್ಯಾಟಿನ್ನಿನಲ್ಲಿ ಬರೆದಿಟ್ಟಿದ್ದಾನೆ. ಅವನ ಹೆಸರಿನ ಇಗರ್ಜಿ ಬೆಂಗಳೂರಿನಲ್ಲೇ ಇದೆ, ಬ್ರಿಗೇಡ್ ರಸ್ತೆಯ ಹತ್ತಿರ. 1840ರ ದಶಕದಲ್ಲಿ ದಂಡಿನ ಐರಿಷ್ ಸಿಪಾಯಿಗಳಿಗಾಗಿ ಕಟ್ಟಿದ್ದು. ಸಂತನೇನೂ ಐರ್ಲೆಂಡಿನಲ್ಲಿ ಹುಟ್ಟಿದವನಲ್ಲ. ಹದಿನಾರರ ಹರೆಯದಲ್ಲಿ ಅವನನ್ನು ಕಡಲುಗಳ್ಳರು ಬ್ರಿಟನ್ನಿನಿಂದ ಹೊತ್ತೊಯ್ದು ಐರ್ಲೆಂಡಿನಲ್ಲಿ ಗುಲಾಮಗಿರಿಗೆ ಹಾಕಿದರು. ಆರು ವರ್ಷ ದನಕುರಿ ಕಾಯ್ದ. ಮಂಜು, ಮಳೆ ಎನ್ನದೆ ನಸುಕಿಗೆ ಮೊದಲೇ ಎದ್ದು ಪ್ರಾರ್ಥಿಸುತ್ತಿದ್ದನಂತೆ. ತಪ್ಪಿಸಿಕೊಂಡು ಊರು ಸೇರಿದವನು ಧರ್ಮಾಧ್ಯಕ್ಷನಾಗಿ ಅದೇ ನಾಡಿಗೆ ಮರಳಿದ. ಮುಂದೆ ಕೊರೋಟಿಕಸ್ ಎಂಬ ದೊರೆಯ ಸೈನಿಕರು ಅವನ ಜನರನ್ನು, ದೀಕ್ಷಾಸ್ನಾನದ ಬಿಳಿ ಬಟ್ಟೆಯಲ್ಲಿದ್ದವರನ್ನೇ ಕೊಂದು, ಉಳಿದವರನ್ನು ಗುಲಾಮರನ್ನಾಗಿ ಒಯ್ದರು. ಆ ಸೈನಿಕರಿಗೆ ಪ್ಯಾಟ್ರಿಕ್ ಬರೆದ ಪತ್ರ ಇಂದಿಗೂ ಉಳಿದಿದೆ. ಅದರಲ್ಲಿ ಮೆತ್ತನೆಯ ಮಾತು ಕಡಿಮೆ. ಇಂಥವರೊಂದಿಗೆ ಯಾರೂ ಉಣ್ಣಬೇಡಿ, ಕುಡಿಯಬೇಡಿ, ಹಿಡಿದವರನ್ನು ಬಿಡುವ ತನಕ ಅವರ ಕೈಯಿಂದ ದಾನವನ್ನೂ ಮುಟ್ಟಬೇಡಿ ಎಂದೇ ಹೇಳಿದ್ದಾನೆ.