ಜ್ಯೇಷ್ಠತಾ ಪಟ್ಟಿ ಮತ್ತು ಸಂಘದ ಹೊಣೆ

2011ರ ಜುಲೈ ತಿಂಗಳಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಕ್ಯಾಮ್ಡೆನ್‌ನಲ್ಲಿರುವ ಫೆಡರಲ್ ನ್ಯಾಯಾಲಯದ ಜ್ಯೂರಿ, ವಿಮಾನ ಚಾಲಕರ ದೊಡ್ಡ ಸಂಘವಾದ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ತನ್ನ ಕರ್ತವ್ಯಕ್ಕೆ ತಪ್ಪಿದೆ ಎಂದು ತೀರ್ಮಾನಿಸಿತು. ದಾವೆ ಹೂಡಿದವರು ಕಂಪನಿಯ ಮಾಲೀಕರಲ್ಲ, ಪ್ರಯಾಣಿಕರೂ ಅಲ್ಲ. ಅದೇ ಸಂಘಕ್ಕೆ ವರ್ಷಗಟ್ಟಲೆ ಚಂದಾ ಕಟ್ಟಿದ್ದ ಟಿಡಬ್ಲ್ಯೂಎ ಕಂಪನಿಯ ಪೈಲಟ್‌ಗಳು. ಕಾರ್ಮಿಕ ಸಂಘವೆಂದರೆ ಮಾಲೀಕರ ಎದುರು ನಿಲ್ಲುವ ಕೂಟ ಎಂದಷ್ಟೇ ತಿಳಿದವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ವಿಮಾನಯಾನದಲ್ಲಿ ಸಂಘದ ಅರ್ಧ ಕೆಲಸ ಮಾಲೀಕರಿಂದ ಗಿಟ್ಟಿಸಿಕೊಳ್ಳುವುದಾದರೆ, ಉಳಿದರ್ಧ ಗಿಟ್ಟಿದ್ದನ್ನು ತನ್ನವರಲ್ಲೇ ಹಂಚುವುದು. ಜಗಳ ಹುಟ್ಟುವುದು ಈ ಎರಡನೆಯ ಕೆಲಸದಲ್ಲಿ. ಯಾರಿಗೆ ಎಷ್ಟು ಸಿಕ್ಕಿತೆಂದು ತೂಗಿ ನೋಡುವ ಕೆಲಸಕ್ಕೆ ನ್ಯಾಯಾಲಯ ಇಳಿಯಬಾರದು, ಅದು ಹೆಚ್ಚಾಗಿ ಇಳಿದೂ ಇಲ್ಲ. ಆದರೆ ಕೆಲವರಿಗೆ ಕಡಿಮೆ ಕೊಟ್ಟದ್ದು ಯಾವ ಕಾರಣಕ್ಕೆ ಎಂದು ಅದು ಕೇಳಲೇಬೇಕು. ‘ನಾವು ಹೆಚ್ಚು ಮಂದಿ ಇದ್ದೆವು’ ಎಂಬುದು ಆ ಪ್ರಶ್ನೆಗೆ ಉತ್ತರವಾಗಲಾರದು ಎಂಬುದೇ ಈ ಅಧ್ಯಾಯದ ವಾದ.

ಮೊದಲು ಹಂಚಿಕೆಯಾಗುವ ವಸ್ತು ಯಾವುದೆಂದು ನೋಡೋಣ. ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ ಪೈಲಟ್‌ನ ಬದುಕನ್ನು ಆಳುವುದು ಸೀನಿಯಾರಿಟಿ, ಅಂದರೆ ಜ್ಯೇಷ್ಠತಾ ಪಟ್ಟಿಯಲ್ಲಿ ಅವರ ಕ್ರಮಸಂಖ್ಯೆ. ಯಾವ ವಿಮಾನ, ಕ್ಯಾಪ್ಟನ್ ಸೀಟೋ ಫಸ್ಟ್ ಆಫೀಸರ್ ಸೀಟೋ, ಯಾವ ಊರಿನ ನೆಲೆ, ತಿಂಗಳ ಡ್ಯೂಟಿ, ಹಬ್ಬದ ರಜೆ, ಕೆಟ್ಟ ಕಾಲ ಬಂದರೆ ಯಾರು ಮೊದಲು ಮನೆಗೆ ಹೋಗಬೇಕು ಎಂಬುದೆಲ್ಲ ಆ ಸಂಖ್ಯೆಯಿಂದಲೇ ತೀರ್ಮಾನವಾಗುತ್ತದೆ. ಈ ಸಂಖ್ಯೆಯನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹೊತ್ತೊಯ್ಯಲಾಗದು. ಇಪ್ಪತ್ತು ವರ್ಷ ಹಾರಿಸಿದ ಕ್ಯಾಪ್ಟನ್ ಕಂಪನಿ ಬದಲಿಸಿದರೆ ಹೊಸ ಕಡೆ ಪಟ್ಟಿಯ ಕೊನೆಯಿಂದಲೇ ಶುರುಮಾಡಬೇಕು. ಸಂಬಳ ಹೆಚ್ಚಿಸಿದರೆ ಎಲ್ಲರಿಗೂ ಒಟ್ಟಿಗೆ ಹೆಚ್ಚಿಸಬಹುದು, ಪಟ್ಟಿಯಲ್ಲಿ ಹಾಗಾಗುವುದಿಲ್ಲ. ಒಬ್ಬರು ಒಂದು ಮೆಟ್ಟಿಲು ಏರಿದರೆಂದರೆ ಇನ್ನೊಬ್ಬರು ಒಂದು ಮೆಟ್ಟಿಲು ಇಳಿದರೆಂದೇ ಲೆಕ್ಕ. ಎರಡು ಕಂಪನಿಗಳು ವಿಲೀನವಾದಾಗ ಎರಡು ಪಟ್ಟಿಗಳನ್ನು ಒಂದಾಗಿಸುವುದು ಅಷ್ಟು ಕಹಿಯಾಗುವುದು ಇದರಿಂದಲೇ.

ಈ ಪಟ್ಟಿಯ ಬಗ್ಗೆ ಮಾತಾಡುವ ಅಧಿಕಾರ ಯಾರದು? 1926ರ ರೈಲ್ವೆ ಲೇಬರ್ ಆಕ್ಟ್ 1936ರಲ್ಲಿ ವಿಮಾನ ಕಂಪನಿಗಳಿಗೂ ಅನ್ವಯವಾಯಿತು. ಅದರಂತೆ ಒಂದು ಕಂಪನಿಯ ಪೈಲಟ್‌ಗಳಲ್ಲಿ ಹೆಚ್ಚಿನವರು ಆರಿಸಿದ ಸಂಘವೇ ಎಲ್ಲರ ಪ್ರತಿನಿಧಿ, ಮತ ಹಾಕದವರಿಗೂ ಸದಸ್ಯರಲ್ಲದವರಿಗೂ. ಒಬ್ಬ ಪೈಲಟ್ ತಾನೇ ಕಂಪನಿಯೊಡನೆ ಕುಳಿತು ಬೇರೆ ಕರಾರು ಮಾಡಿಕೊಳ್ಳುವಂತಿಲ್ಲ. ಇಂಥ ಏಕಸ್ವಾಮ್ಯವನ್ನು ಕಾನೂನು ಕೊಟ್ಟ ಮೇಲೆ ಅದರ ಜತೆಗೆ ಹೊಣೆಯನ್ನೂ ಕೊಟ್ಟಿದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಮೊದಲು ಹೇಳಿದ್ದು ವಿಮಾನದ ಮೊಕದ್ದಮೆಯಲ್ಲಲ್ಲ, ರೈಲಿನ ಮೊಕದ್ದಮೆಯಲ್ಲಿ. ಬೆಸ್ಟರ್ ಸ್ಟೀಲ್ ಎಂಬ ಕಪ್ಪು ಜನಾಂಗದ ಎಂಜಿನ್ ಫೈರ್‌ಮನ್ ಅಲಬಾಮಾದಲ್ಲಿ ಲೂಯಿವಿಲ್ ಅಂಡ್ ನ್ಯಾಷ್‌ವಿಲ್ ರೈಲ್ವೆಗೆ ದುಡಿಯುತ್ತಿದ್ದ. ಫೈರ್‌ಮನ್‌ಗಳ ಸಂಘ ಬಿಳಿಯರದು, ಕಪ್ಪು ಜನರಿಗೆ ಅಲ್ಲಿ ಸದಸ್ಯತ್ವವೇ ಇರಲಿಲ್ಲ. ಆದರೂ ಬಹುಮತದ ಬಲದಿಂದ ಅವರಿಗೂ ಅದೇ ಪ್ರತಿನಿಧಿ. ಆ ಸಂಘ 1941ರಲ್ಲಿ ಕಂಪನಿಗಳೊಡನೆ ಮಾಡಿಕೊಂಡ ಒಪ್ಪಂದದಿಂದಾಗಿ ಕಪ್ಪು ಫೈರ್‌ಮನ್‌ಗಳ ಪಾಲು ಅರ್ಧಕ್ಕಿಂತ ಹೆಚ್ಚಾಗುವಂತಿರಲಿಲ್ಲ. ಸ್ಟೀಲ್ ಒಳ್ಳೆಯ ಜಾಗ ಕಳೆದುಕೊಂಡ, ಸೇವೆಯಲ್ಲಿ ಅವನಿಗಿಂತ ಕಿರಿಯರಾದ ಬಿಳಿಯರು ಅಲ್ಲಿಗೆ ಬಂದರು. ಅವನ ಪರವಾಗಿ ವಕೀಲ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ವಾದಿಸಿದರು. 1944ರ ಡಿಸೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಬರೆದ ತೀರ್ಪು ಇಂದಿಗೂ ಈ ವಿಷಯದ ತಳಪಾಯ. ಶಾಸನಸಭೆಯ ಅಧಿಕಾರದಂಥದ್ದು ಸಂಘದ ಕೈಗೆ ಬಂದಿದೆ, ಆದ್ದರಿಂದ ತಾನು ಪ್ರತಿನಿಧಿಸುವ ಎಲ್ಲರನ್ನೂ ಅದು ಹಗೆತನವಿಲ್ಲದೆ ನಡೆಸಿಕೊಳ್ಳಬೇಕು ಎಂಬುದು ಅದರ ಸಾರ. ಅವಿಭಕ್ತ ಕುಟುಂಬದ ಯಜಮಾನನಿಗೆ ಎಲ್ಲರ ಪರವಾಗಿ ವ್ಯವಹರಿಸುವ ಅಧಿಕಾರ ಇರುವುದರಿಂದಲೇ ಗದ್ದೆಯನ್ನೆಲ್ಲ ಒಬ್ಬ ಮಗನ ಹೆಸರಿಗೆ ಬರೆಯುವ ಹಕ್ಕು ಅವನಿಗಿಲ್ಲ, ತರ್ಕ ಅದೇ. ಇದೇ ತೀರ್ಪು ಸೇವಾವಧಿ, ಕೆಲಸದ ಬಗೆ, ಕೌಶಲಗಳನ್ನು ನೋಡಿ ವ್ಯತ್ಯಾಸ ಮಾಡುವುದನ್ನು ಒಪ್ಪಿತು ಎಂಬುದನ್ನೂ ಮರೆಯಬಾರದು. ವ್ಯತ್ಯಾಸಕ್ಕೆ ಕೆಲಸಕ್ಕೆ ಸಂಬಂಧಪಟ್ಟ ಕಾರಣ ಇರಬೇಕು, ಅಷ್ಟೇ.

ಆನಂತರದ ತೀರ್ಪುಗಳು ಸಂಘಕ್ಕೆ ಧಾರಾಳವಾಗಿಯೇ ಅವಕಾಶ ಬಿಟ್ಟವು. 1953ರಲ್ಲಿ ಫೋರ್ಡ್ ಕಂಪನಿಯ ಪ್ರಕರಣ, 1964ರಲ್ಲಿ ಕಾರು ಸಾಗಿಸುವ ಎರಡು ಕಂಪನಿಗಳ ನೌಕರರ ಪಟ್ಟಿಗಳನ್ನು ಬೆಸೆದ ಪ್ರಕರಣ, ಎರಡರಲ್ಲೂ ದೂರುದಾರರು ಸೋತರು. ಎರಡು ಗುಂಪುಗಳ ಹಿತ ಡಿಕ್ಕಿ ಹೊಡೆದಾಗ ಸಂಘ ಪ್ರಾಮಾಣಿಕವಾಗಿ ಒಂದು ನಿಲುವು ತಾಳಬಹುದು ಎಂದಾಯಿತು. ಮನಬಂದಂತೆ, ತಾರತಮ್ಯದಿಂದ, ಇಲ್ಲವೇ ದುರುದ್ದೇಶದಿಂದ ನಡೆದುಕೊಂಡರೆ ಮಾತ್ರ ಸಂಘ ತಪ್ಪಿತಸ್ಥ ಎಂಬ ಮೂರು ಮಾತಿನ ಅಳತೆಗೋಲು 1967ರಲ್ಲಿ ಬಂತು. ಅದು ಪೈಲಟ್‌ಗಳಿಗೆ ಎಷ್ಟು ಬಿಗಿ ಎಂಬುದು ಕಾಂಟಿನೆಂಟಲ್ ಏರ್‌ಲೈನ್ಸ್ ಪ್ರಕರಣದಲ್ಲಿ ಗೊತ್ತಾಯಿತು. ಆ ಕಂಪನಿ 1983ರಲ್ಲಿ ದಿವಾಳಿ ಅರ್ಜಿ ಹಾಕಿ, ಸಂಘದೊಡನೆ ಇದ್ದ ಒಪ್ಪಂದವನ್ನು ಧಿಕ್ಕರಿಸಿ, ಪೈಲಟ್‌ಗಳ ಸಂಬಳ ಸವಲತ್ತುಗಳನ್ನು ಅರ್ಧಕ್ಕಿಂತಲೂ ಕೆಳಗಿಳಿಸಿತು. ಸುಮಾರು 2,000 ಪೈಲಟ್‌ಗಳಲ್ಲಿ 200 ಮಂದಿ ಬಿಟ್ಟು ಎಲ್ಲರೂ ಮುಷ್ಕರಕ್ಕೆ ನಿಂತರು. ಎರಡು ವರ್ಷ ಕಳೆಯುವ ಹೊತ್ತಿಗೆ ಕಂಪನಿ ಹೊಸಬರನ್ನು ಸೇರಿಸಿಕೊಂಡು ಹಾರಾಟ ನಡೆಸುತ್ತಿತ್ತು. ಮುಷ್ಕರದಲ್ಲಿ ಉಳಿದವರು 1,000. 1985ರ ಕೊನೆಗೆ ಸಂಘ ರಾಜಿಗೆ ಒಪ್ಪಿತು. ಕ್ಯಾಪ್ಟನ್ ಹುದ್ದೆಗಳಲ್ಲಿ ಮೊದಲ 100 ಕೆಲಸದಲ್ಲಿದ್ದವರಿಗೆ, ಮುಂದಿನ 70 ಮುಷ್ಕರ ಹೂಡಿದವರಿಗೆ, ಆಮೇಲೆ ಒಂದಕ್ಕೊಂದು ಎಂಬುದು ಹಂಚಿಕೆ. ಮುಷ್ಕರದಲ್ಲಿದ್ದವರು, ಇದಕ್ಕಿಂತ ಷರತ್ತಿಲ್ಲದೆ ಶರಣಾಗಿದ್ದರೇ ನಮಗೆ ಹೆಚ್ಚು ಸಿಗುತ್ತಿತ್ತು ಎಂದು ಸಂಘದ ಮೇಲೆ ದಾವೆ ಹೂಡಿದರು. 1991ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸಂಘದ ಪರ ನಿಂತಿತು. ಈಗ ಹಿಂತಿರುಗಿ ನೋಡಿದರೆ ರಾಜಿ ಕೆಟ್ಟದ್ದೇ ಇರಬಹುದು. ಆದರೆ ಅಂದಿನ ಅನಿಶ್ಚಿತತೆಯಲ್ಲಿ ವಿವೇಕವುಳ್ಳವರು ಒಪ್ಪಬಹುದಾಗಿದ್ದ ವ್ಯಾಪ್ತಿಯಿಂದ ಅದು ಪೂರ್ತಿ ಹೊರಗೆ ಬಿದ್ದಿರಲಿಲ್ಲ ಎಂಬುದು ತೀರ್ಪು. ನನಗೆ ಇದು ಸರಿ ಎನಿಸುತ್ತದೆ. ಸೋತ ಸಂಘವನ್ನೆಲ್ಲ ಕಟಕಟೆಗೆ ಹತ್ತಿಸಿದರೆ ಮಾತುಕತೆಗೆ ಕೂರುವ ಧೈರ್ಯ ಯಾರಿಗೂ ಉಳಿಯದು.

ಹಾಗಾದರೆ ಟಿಡಬ್ಲ್ಯೂಎ ಪೈಲಟ್‌ಗಳು ಗೆದ್ದದ್ದು ಹೇಗೆ? 2001ರ ಜನವರಿಯಲ್ಲಿ ಟಿಡಬ್ಲ್ಯೂಎ ದಿವಾಳಿ ಅರ್ಜಿ ಹಾಕಿತು, ಅದರ ಆಸ್ತಿಯನ್ನು ಅಮೆರಿಕನ್ ಏರ್‌ಲೈನ್ಸ್ ಕೊಂಡಿತು. ವಿಲೀನವಾದರೆ ಪಟ್ಟಿಗಳನ್ನು ನ್ಯಾಯವಾಗಿ ಬೆಸೆಯಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥರ ಮುಂದೆ ಹೋಗಬೇಕು ಎಂಬ ರಕ್ಷಣೆ ಟಿಡಬ್ಲ್ಯೂಎ ಪೈಲಟ್‌ಗಳ ಒಪ್ಪಂದದಲ್ಲಿತ್ತು. ಅದನ್ನು ಬಿಟ್ಟುಕೊಡಿ ಎಂದು ಕೊಳ್ಳುವವರು ಪಟ್ಟು ಹಿಡಿದರು. ಸಂಘದ ಸಲಹೆಗಾರರು ಬಿಟ್ಟುಕೊಡುವುದೇ ಲೇಸೆಂದರು. ಏಪ್ರಿಲ್‌ನಲ್ಲಿ ಪೈಲಟ್‌ಗಳ ಪ್ರತಿನಿಧಿಗಳು ಒಪ್ಪಿದರು. ಅಮೆರಿಕನ್ ಕಂಪನಿಯ ಪೈಲಟ್‌ಗಳಿಗೆ ಅಲೈಡ್ ಪೈಲಟ್ಸ್ ಅಸೋಸಿಯೇಷನ್ ಎಂಬ ಬೇರೆಯದೇ ಸಂಘವಿತ್ತು. ಆ ಸಂಘವೂ ಕಂಪನಿಯೂ ನವೆಂಬರ್‌ನಲ್ಲಿ ಪಟ್ಟಿ ಬರೆದವು. ಸುಮಾರು 2,300 ಟಿಡಬ್ಲ್ಯೂಎ ಪೈಲಟ್‌ಗಳಲ್ಲಿ ಅರ್ಧದಷ್ಟು ಮಂದಿ ಪಟ್ಟಿಯ ಬುಡಕ್ಕೆ ಬಿದ್ದರು. ಸೆಪ್ಟೆಂಬರ್ 11ರ ದಾಳಿಯ ನಂತರ ವಿಮಾನಯಾನ ಕುಸಿದಾಗ ಬುಡದಲ್ಲಿದ್ದವರೇ ಮೊದಲು ಕೆಲಸ ಕಳೆದುಕೊಂಡರು. ಕಾನೂನಿನ ಸೂಕ್ಷ್ಮ ಇಲ್ಲಿದೆ. ಪಟ್ಟಿ ಬರೆದ ಸಂಘ ಆಗಿನ್ನೂ ಇವರ ಪ್ರತಿನಿಧಿಯಾಗಿರಲಿಲ್ಲವಾದ್ದರಿಂದ ಇವರ ಬಗ್ಗೆ ಅದಕ್ಕೆ ಹೊಣೆಯೇ ಇರಲಿಲ್ಲ ಎಂದು 2004ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಹೊಣೆ ಇದ್ದದ್ದು ಹಳೆಯ ಸಂಘಕ್ಕೆ, ಅದರ ಕೈಯಲ್ಲಿ ಪಟ್ಟಿ ಇರಲಿಲ್ಲ. ಬರೆದವರನ್ನು ಕೇಳುವಂತಿಲ್ಲ, ಕೇಳಬಹುದಾದವರು ಬರೆದಿಲ್ಲ. ಪೈಲಟ್‌ಗಳ ವಾದ ನಿಂತದ್ದು ಹಳೆಯ ಸಂಘದ ಮನಸ್ಸಿನ ಮೇಲೆ: ಅಮೆರಿಕನ್ ಕಂಪನಿಯ ಸಾವಿರಾರು ಪೈಲಟ್‌ಗಳನ್ನು ತನ್ನತ್ತ ಸೆಳೆದುಕೊಳ್ಳುವ ಆಸೆಯಿಂದ ಅದು ನಮ್ಮ ಪರ ಗಟ್ಟಿಯಾಗಿ ನಿಲ್ಲಲಿಲ್ಲ ಎಂದು. ಜ್ಯೂರಿ ತೀರ್ಪು ಅವರ ಪರವಾಯಿತು. ಕಾಂಟಿನೆಂಟಲ್‌ನಲ್ಲಿಯೂ ಸಂಘ ಕಂಪನಿಯ ಎದುರು ಸೋತಿತ್ತು, ಇಲ್ಲಿಯೂ ಸೋತಿತ್ತು. ಬೇರೆಯಾಗಿದ್ದದ್ದು ಯಾರ ಹಿತ ನೋಡಿಕೊಂಡು ಸೋತಿತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ.

ಬಹುಮತದ ಪ್ರಶ್ನೆ ಇನ್ನೂ ಬೆತ್ತಲೆಯಾಗಿ ಎದುರಾದದ್ದು ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಕಂಪನಿಗಳ 2005ರ ವಿಲೀನದಲ್ಲಿ. ಪೂರ್ವದ ಕಂಪನಿಯ ಪೈಲಟ್‌ಗಳು ಸುಮಾರು 5,100, ಪಶ್ಚಿಮದವರು 1,900. ಇಬ್ಬರೂ ಒಂದೇ ಸಂಘದವರು. ಆ ಸಂಘದ ನಿಯಮದಂತೆಯೇ ವಿವಾದ ಮಧ್ಯಸ್ಥಿಕೆಗೆ ಹೋಯಿತು. 2007ರ ಮೇ ತಿಂಗಳಲ್ಲಿ ಮಧ್ಯಸ್ಥ ಜಾರ್ಜ್ ನಿಕೊಲಾವು ಐತೀರ್ಪು ಕೊಟ್ಟರು. ದೊಡ್ಡ ವಿಮಾನ ಹಾರಿಸುತ್ತಿದ್ದ ಪೂರ್ವದ 517 ಹಿರಿಯರು ತುದಿಗೆ, ವಿಲೀನದ ವೇಳೆಗೆ ಲೇ-ಆಫ್ ಆಗಿದ್ದ ಪೂರ್ವದವರು ಬುಡಕ್ಕೆ, ನಡುವಿನವರನ್ನು ಎರಡೂ ಕಡೆಯಿಂದ ಹೆಣೆದದ್ದು. ಒಂದೂವರೆ ದಶಕ ಸೇವೆ ಮಾಡಿದ ಪೂರ್ವದ ಪೈಲಟ್ ಕೆಲವೇ ವರ್ಷ ಹಾರಿಸಿದ ಪಶ್ಚಿಮದವನ ಪಕ್ಕದಲ್ಲಿ ಕುಳಿತದ್ದು ಸಿಟ್ಟಿಗೆ ಕಾರಣವಾಯಿತು, ಆ ಸಿಟ್ಟು ಅರ್ಥವಾಗದ್ದೇನಲ್ಲ. ಆದರೆ ಅವರು ಹಿಡಿದ ದಾರಿ ಗಮನಿಸಬೇಕು. ತಮ್ಮ ಸಂಖ್ಯೆಯ ಬಲದಿಂದ ಹೊಸ ಸಂಘ ಕಟ್ಟಿ, 2008ರ ಚುನಾವಣೆಯಲ್ಲಿ ಹಳೆಯದನ್ನು ಕೆಳಗಿಳಿಸಿ, ಸೇರಿದ ದಿನಾಂಕದ ಪ್ರಕಾರವೇ ಪಟ್ಟಿ ಆಗಬೇಕೆಂಬ ತತ್ವವನ್ನು ಹೊಸ ಸಂಘದ ನಿಯಮಾವಳಿಯಲ್ಲೇ ಬರೆದುಕೊಂಡರು. ಪಶ್ಚಿಮದವರು ನ್ಯಾಯಾಲಯಕ್ಕೆ ಹೋದರು. 2009ರಲ್ಲಿ ಜ್ಯೂರಿ ಮುಂದೆ ಗೆದ್ದರು. ದಾವೆಗೆ ಕಾಲ ಇನ್ನೂ ಪಕ್ವವಾಗಿಲ್ಲ ಎಂಬ ಕಾರಣಕ್ಕೆ 2010ರಲ್ಲಿ ಮೇಲಿನ ನ್ಯಾಯಾಲಯ ಅದನ್ನು ತಳ್ಳಿತು. 2014ರಲ್ಲಿ ಕೆಳಗಿನ ನ್ಯಾಯಾಲಯದಲ್ಲಿ ಸೋತರು. 2015ರ ಜೂನ್‌ನಲ್ಲಿ ಒಂಬತ್ತನೆಯ ಸರ್ಕ್ಯೂಟ್ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಕೂಡಿ ಒಪ್ಪಿದ ಮಧ್ಯಸ್ಥಿಕೆಯ ಫಲವನ್ನು ಹೊಸ ಸಂಘ ಕೈಬಿಟ್ಟದ್ದಕ್ಕೆ ಪೂರ್ವದವರಿಗೆ ಲಾಭ ಮಾಡಿಕೊಡುವುದನ್ನು ಬಿಟ್ಟು ಸಂಘದ ನ್ಯಾಯವಾದ ಉದ್ದೇಶ ಯಾವುದೂ ಕಾಣುತ್ತಿಲ್ಲ ಎಂಬುದು ಅದರ ತರ್ಕ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಸಂಘ ಪ್ರಜಾಪ್ರಭುತ್ವದ ಸಂಸ್ಥೆ, ಮತದಲ್ಲಿ ಸೋತವರು ಒಪ್ಪಿಕೊಂಡು ನಡೆಯಬೇಕು, ಇಲ್ಲದಿದ್ದರೆ ಬಿಟ್ಟು ಹೋಗಬೇಕು. ನ್ಯಾಯಾಧೀಶರು ಬಂದು ಮತಪೆಟ್ಟಿಗೆಯನ್ನು ತಿದ್ದುವುದೇ? ಬಿಟ್ಟು ಹೋಗುವ ಮಾತನ್ನು ಮೊದಲು ನೋಡೋಣ. ಸದಸ್ಯತ್ವ ಬಿಡಬಹುದು, ಪ್ರಾತಿನಿಧ್ಯದಿಂದ ಬಿಡುಗಡೆಯಿಲ್ಲ. ಕಂಪನಿ ಬಿಟ್ಟರೆ ಜ್ಯೇಷ್ಠತೆ ಸೊನ್ನೆ. ಹೊರಬಾಗಿಲಿಗೆ ಬೀಗ ಹಾಕಿದ ಮನೆಯಲ್ಲಿ ಬಹುಮತದ ಮಾತು ಬೇರೆಯೇ ತೂಕ ಪಡೆಯುತ್ತದೆ. ಇನ್ನು ಮತದ ವಿಚಾರ: ಅಲಬಾಮಾದ ಬಿಳಿಯ ಫೈರ್‌ಮನ್‌ಗಳಿಗೂ ಬಹುಮತವಿತ್ತು. ಜನಾಂಗದ್ವೇಷವನ್ನು ಪೈಲಟ್‌ಗಳ ಬಡ್ತಿ ಜಗಳಕ್ಕೆ ಹೋಲಿಸುವುದು ಅತಿಯಾಯಿತು ಎನ್ನಬಹುದು. ನೋವಿನ ಪ್ರಮಾಣದಲ್ಲಿ ಹೋಲಿಕೆಯೇ ಇಲ್ಲ, ನಿಜ. ಅಧಿಕಾರ ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲಿ ಮಾತ್ರ ಎರಡೂ ಒಂದೇ. ಒಳ್ಳೆಯ ಸಂಬಳದ ಪೈಲಟ್‌ಗಳಿಗೇಕೆ ಇಷ್ಟು ಕಾಳಜಿ ಎಂಬ ಇನ್ನೊಂದು ಮಾತಿಗೆ ಹೆಚ್ಚು ಉತ್ತರ ಬೇಕಿಲ್ಲ. ನಿಯಮ ಮಾಂಸ ಕಾರ್ಖಾನೆಯವರಿಗೂ ಇದೇ, 1967ರ ಪ್ರಕರಣ ಅಲ್ಲಿನದೇ.

ಭಾರತದ ಅನುಭವ ಪಕ್ಕದಲ್ಲಿಟ್ಟರೆ ಈ ಹೊಣೆಯ ಬೆಲೆ ಬೇರೊಂದು ಬಗೆಯಲ್ಲಿ ಕಾಣುತ್ತದೆ. 2007ರಲ್ಲಿ ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ ವಿಲೀನವಾದಾಗ ಎರಡು ಕಡೆಯ ಪೈಲಟ್‌ಗಳಿಗೂ ಪ್ರತ್ಯೇಕ ಸಂಘಗಳೇ ಉಳಿದವು. ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಎಂಬ ಜಗಳ 2012ರಲ್ಲಿ 58 ದಿನಗಳ ಮುಷ್ಕರವಾಗಿ ಸಿಡಿಯಿತು. ಅಲ್ಲಿ ಸಂಘದ ಒಳಗೆ ನಡೆಯುವ ಕಾದಾಟ ಇಲ್ಲಿ ಸಂಘ ಸಂಘಗಳ ನಡುವೆ ನಡೆದು, ಪೆಟ್ಟು ಕಂಪನಿಯ ಮೇಲೂ ಪ್ರಯಾಣಿಕರ ಮೇಲೂ ಬಿತ್ತು. ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಶೇಕಡ 51ರಷ್ಟು ನೌಕರರ ಬೆಂಬಲವಿರುವ ಸಂಘಕ್ಕೆ ಏಕೈಕ ಮಾತುಕತೆಯ ಸಂಘದ ಸ್ಥಾನ ಕೊಡುತ್ತದೆ. ಉಳಿದ ಶೇಕಡ 49ರ ಬಗ್ಗೆ ಆ ಸಂಘದ ಹೊಣೆ ಏನು ಎಂಬ ಪ್ರಶ್ನೆ ಇನ್ನು ಇಲ್ಲಿಯೂ ಏಳಬೇಕಾದದ್ದೇ.

ಈ ಹೊಣೆಯ ದೊಡ್ಡ ದೌರ್ಬಲ್ಯ ಪರಿಹಾರದಲ್ಲಿದೆ. ಟಿಡಬ್ಲ್ಯೂಎ ಪೈಲಟ್‌ಗಳ ದಾವೆ 2014ರಲ್ಲಿ 5.3 ಕೋಟಿ ಡಾಲರಿಗೆ ರಾಜಿಯಾಯಿತು; ಹದಿಮೂರು ವರ್ಷ ಬುಡದಲ್ಲಿ ಕಳೆದ ಸೇವೆ ಹಣದಿಂದ ಹಿಂದಿರುಗಲಿಲ್ಲ. ಪೂರ್ವ ಪಶ್ಚಿಮದ ಜಗಳಕ್ಕೆ ಅಂತಿಮ ಪಟ್ಟಿ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ, ಅದೂ ಆ ಕಂಪನಿ ಅಮೆರಿಕನ್ ಏರ್‌ಲೈನ್ಸ್‌ನಲ್ಲಿ ಕರಗಿದ ಮೇಲೆ. ಟಿಡಬ್ಲ್ಯೂಎ ನೌಕರರ ಪಾಡು ನೋಡಿ ಮಿಸೌರಿ ರಾಜ್ಯದ ಸೆನೆಟರ್‌ಗಳಾದ ಮೆಕಾಸ್ಕಿಲ್ ಮತ್ತು ಬಾಂಡ್ 2007ರ ಡಿಸೆಂಬರ್‌ನಲ್ಲಿ ಒಂದು ತಿದ್ದುಪಡಿ ತಂದರು. ವಿಲೀನದ ವೇಳೆ ಪಟ್ಟಿಗಳನ್ನು ನ್ಯಾಯವಾಗಿ ಬೆಸೆಯಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥಿಕೆ ಕಡ್ಡಾಯ ಎಂದು ಅದು ವಿಧಿಸಿತು. ಅದರಲ್ಲೊಂದು ವಿನಾಯಿತಿಯೂ ಇದೆ: ಎರಡೂ ಕಂಪನಿಗಳ ನೌಕರರಿಗೆ ಒಂದೇ ಸಂಘ ಇದ್ದರೆ ಆ ಸಂಘದ ಒಳನಿಯಮವೇ ನಡೆಯುತ್ತದೆ. ನಿಕೊಲಾವು ಐತೀರ್ಪು ಬಂದು ಏಳು ತಿಂಗಳಾಗಿದ್ದಾಗ, ಆ ಜಗಳ ಕಾವೇರುತ್ತಿದ್ದಾಗಲೇ, ಬರೆದ ಕಾನೂನು ಅಂಥದೇ ಮುಂದಿನ ಜಗಳವನ್ನು ಸಂಘದ ಒಳಗೇ ಬಿಟ್ಟಿತು.